ಗಾಡಿ ಹೊಡೆಯುವವನ ಜಾಗ

ಕಾಕಾ ತೀರಿಕೊಂಡ ಮರುವಾರ ನಮ್ಮ ಕನ್ನಡ ಬಳಗದ ಕಾರ್ಯದರ್ಶಿ ಫೋನ್ ಮಾಡಿ, ಯುಗಾದಿ ಸಂಚಿಕೆಗೆ ಅರ್ಧ ಪುಟ ಬರೆದುಕೊಡಿ ಎಂದರು. ಏನು ಬರೆಯಬೇಕೆಂಬುದನ್ನೂ ಅವರೇ ಹೇಳಿದರು. ಹಿರಿಯ ಇಂಜಿನಿಯರು, ಡೆಲ್ಫ್ಟ್‌ನಲ್ಲಿ ಓದಿದವರು, ನೀರಿನ ಕಟ್ಟೆಗಳ ತಜ್ಞರು, ನಮ್ಮೆಲ್ಲರ ಹೆಮ್ಮೆ. ಇಷ್ಟೆಲ್ಲ ಗೊತ್ತಿದ್ದ ಮೇಲೆ ನೀವೇ ಬರೆದುಬಿಡಬಹುದಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಸತ್ತವರ ಹೆಸರಿನಲ್ಲಿ ಜಗಳ ಬೇಡ. ಆದರೆ ಆ ಅರ್ಧ ಪುಟದ ಮನುಷ್ಯ ನನಗೆ ಪರಿಚಯವಿಲ್ಲ. ಪರಿಚಯವಿದ್ದ ಕಾಕಾರ ಬಗ್ಗೆ ಬರೆಯುತ್ತೇನೆ, ಎಷ್ಟು ಪುಟವಾದರೂ ಆಗಲಿ. ಹೆಸರು ಮಾತ್ರ ಬರೆಯುವುದಿಲ್ಲ. ಹೆಸರು ಬರೆದರೆ ಮತ್ತೆ ಆ ತಜ್ಞರೇ ಬಂದು ಎದುರಿಗೆ ನಿಲ್ಲುತ್ತಾರೆ.

ನಾವು ಹಾಲೆಂಡಿನ ಹೇಗ್ ನಗರಕ್ಕೆ ಅಂಟಿಕೊಂಡ ವೂರ್‌ಬರ್ಗ್‌ಗೆ ಬಂದ ಹೊಸತು. ನನ್ನ ಗಂಡನಿಗೆ ಹೂಫ್‌ಡಾರ್ಪ್‌ನಲ್ಲಿ ಕೆಲಸ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆಂದು ಜಗತ್ತು ಹೆದರಿದ್ದ ಕಾಲ ಅದು, ಆ ಹೆದರಿಕೆಯೇ ನಮಗೆ ಅನ್ನ ಹಾಕುತ್ತಿತ್ತು. ಯಾರೋ ಬಿಟ್ಟುಹೋದ ಒಂದು ಸೋಫಾವನ್ನು ಮನೆಗೆ ಸಾಗಿಸಲು ಹೋಗಿ ಗಂಡ ಅದನ್ನು ಆ ಇಕ್ಕಟ್ಟಿನ ಮೆಟ್ಟಿಲಿನಲ್ಲಿ ಸಿಕ್ಕಿಸಿಬಿಟ್ಟಿದ್ದ. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಇಲ್ಲಿ ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯದಲ್ಲಿ ನಾನು ಮೈಸೂರಿನ ಅಷ್ಟೂ ಬೈಗುಳವನ್ನು ಬಿಚ್ಚಿದ್ದೆ. ಆಗ ನೆಲಮಹಡಿಯ ಬಾಗಿಲು ತೆರೆಯಿತು. ಕತ್ತಿನವರೆಗೆ ಗುಂಡಿ ಹಾಕಿದ ಬಿಳಿ ಅಂಗಿ, ಅದರ ಮೇಲೆ ಟೈ, ಕಾಲಿಗೆ ಉಣ್ಣೆಯ ಚಪ್ಪಲಿ. ಎತ್ತರದ, ಒಣಕಲು ಮನುಷ್ಯ.

"ಸ್ವಲ್ಪ ಸಣ್ಣ ದನೀಲೆ ಬೈಯವಾ. ಈ ಮನಿ ಗ್ವಾಡಿ ಭಾಳ ತೆಳ್ಳಗ ಅದಾವು."

ನಾಚಿಕೆಯಿಂದ ಭೂಮಿಗಿಳಿದುಹೋದೆ. ಅವರು ಅದನ್ನು ಗಮನಿಸದವರಂತೆ ಗಂಡನನ್ನು ರಸ್ತೆಗೆ ಕರೆದುಕೊಂಡು ಹೋಗಿ, ಕಟ್ಟಡದ ನೆತ್ತಿಯಲ್ಲಿದ್ದ ಕಬ್ಬಿಣದ ಕೊಕ್ಕೆ ತೋರಿಸಿದರು. ಡಚ್ಚರು ಸಾಮಾನನ್ನು ಮೆಟ್ಟಿಲ ಮೇಲೆ ಹೊರುವುದಿಲ್ಲ, ಹಗ್ಗ ಕಟ್ಟಿ ಕಿಟಕಿಯಿಂದ ಒಳಗೆ ಎಳೆದುಕೊಳ್ಳುತ್ತಾರೆ. ಸೋಫಾ ಕಿಟಕಿಯಿಂದ ಒಳಗೆ ಬಂತು. ಅಂಕಲ್, ಟೀ ಕುಡಿದು ಹೋಗಿ ಎಂದೆ. ಅಂಕಲ್ ಎಂದರೆ ಕಿವಿ ಕೇಳಿಸುವುದಿಲ್ಲ, ಕಾಕಾ ಎಂದರೆ ಬರುತ್ತೇನೆ ಎಂದರು.

ಧಾರವಾಡದವರು. ಅರವತ್ತರ ದಶಕದಲ್ಲಿ ಡೆಲ್ಫ್ಟ್‌ಗೆ ಓದಲು ಬಂದವರು ಇಲ್ಲೇ ನಿಂತರು. ಹೆಂಡತಿ ಐರ್ಲೆಂಡಿನವರು, ಹೇಗ್‌ನ ಯಾವುದೋ ಅಂತರರಾಷ್ಟ್ರೀಯ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಮಕ್ಕಳಿರಲಿಲ್ಲ. ನಾವು ಬರುವ ಹಿಂದಿನ ವರ್ಷವೇ ಆಕೆ ತೀರಿಕೊಂಡಿದ್ದರು. ಆದರೂ ನನಗೆ ಅವರು ಚೆನ್ನಾಗಿ ಪರಿಚಯ, ಏಕೆಂದರೆ ಕಾಕಾ ಅವರನ್ನು ಒಂದು ದಿನಕ್ಕೂ ಭೂತಕಾಲದಲ್ಲಿ ಹೇಳಲಿಲ್ಲ. ಅಕಿಗೆ ಉಪ್ಪು ಜಾಸ್ತಿ ಬೇಕು, ಅಕಿ ನಕ್ಕರೆ ಟ್ರಾಮಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ, ಅಕಿಗೆ ಡಚ್ಚರ ಸೂಪು ಸೇರುವುದಿಲ್ಲ. ಊಟದ ಮೇಜಿನ ಎದುರು ಕುರ್ಚಿಯಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ. ಮೊದಲ ಸಲ ಅರಿಯದೆ ಕೂತಾಗ, ಗದರಲಿಲ್ಲ, ಬೇರೆ ಕುರ್ಚಿ ತಂದಿಟ್ಟು ನಾನೇ ಎದ್ದು ಬರುವವರೆಗೆ ಅದರ ಬೆನ್ನು ಹಿಡಿದು ನಿಂತಿದ್ದರು.

ಶಿಸ್ತಿನ ಮನುಷ್ಯ, ಸ್ವಲ್ಪ ಅತಿ ಎನ್ನುವಷ್ಟು. ಮನೆಯಲ್ಲಿ ಒಬ್ಬರೇ ಇದ್ದರೂ ಟೈ ಕಟ್ಟುತ್ತಿದ್ದರು. ಗೆಮೇಂಟೆ ಎಂದರೆ ಇಲ್ಲಿನ ಪುರಸಭೆ, ಅಲ್ಲಿಗೆ ನಮ್ಮ ಕಾಗದಪತ್ರಕ್ಕೆ ಜೊತೆಗೆ ಬಂದಾಗಲೂ ಮದುವೆಗೆ ಹೊರಟವರಂತೆ ಸಿದ್ಧರಾಗುತ್ತಿದ್ದರು. ಬಳಗದಲ್ಲಿ ಹೊಸಬರು ಬಂದರೆ ಊರು, ಓದು ಕೇಳುತ್ತಿದ್ದರು, ಅಪ್ಪ ಏನು ಮಾಡುತ್ತಾರೆ ಎಂದು ಮಾತ್ರ ಎಂದೂ ಕೇಳುತ್ತಿರಲಿಲ್ಲ. ಬೇರೆಯವರು ಕೇಳಿದರೆ ಮಾತು ತಿರುಗಿಸಿಬಿಡುತ್ತಿದ್ದರು. ಅವರದೊಂದು ಮಾತಿತ್ತು, ಆಗಾಗ ಹೇಳುತ್ತಿದ್ದರು: ಡಚ್ಚರು ನೀರಿಗೆ ಅಂಜಿ ದೊಡ್ಡವರಾದರು, ನಾವು ಮಂದಿಗೆ ಅಂಜಿ ಸಣ್ಣವರಾದೆವು. ಇಂಜಿನಿಯರು ಅಲ್ಲವೆ, ಕಟ್ಟೆಯ ವಿಷಯ ಹೇಳುತ್ತಿದ್ದಾರೆ ಎಂದುಕೊಂಡು ನಾನು ತಲೆಯಾಡಿಸುತ್ತಿದ್ದೆ.

ಇನ್ನೊಂದು ವಿಚಿತ್ರವನ್ನೂ ಕಂಡಿದ್ದೆ. ಹೇಗ್‌ನಲ್ಲಿ ಕುದುರೆ ಏರಿದ ಪೊಲೀಸರು ಓಡಾಡುತ್ತಾರೆ. ದೂರದಲ್ಲಿ ಗೊರಸಿನ ಸದ್ದು ಕೇಳಿದರೆ ಸಾಕು, ಕಾಕಾ ರಸ್ತೆ ದಾಟಿ ಆ ಬದಿಗೆ ಹೋಗಿಬಿಡುತ್ತಿದ್ದರು. ಕುದುರೆ ಕಂಡರೆ ಭಯವಾ ಕಾಕಾ ಎಂದು ಒಮ್ಮೆ ರೇಗಿಸಿದೆ. ಹೌದು ಎಂದರು. ಅಷ್ಟು ದೊಡ್ಡವರು ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ನನಗೆ ಮುದ್ದಾಗಿ ಕಂಡಿತ್ತು.

ಕುದುರೆಗೆ ಹೆದರುವ ಈ ಮನುಷ್ಯನ ಮನೆಯ ತುಂಬ ಕುದುರೆಗಳೇ ಇದ್ದವು. ಅವೆಲ್ಲ ಹೆಂಡತಿಯವು. ಒಂದು ದೊಡ್ಡ ತಗಡಿನ ಪೆಟ್ಟಿಗೆಯ ತುಂಬ ಹಳೆಯ ಫೋಟೋಗಳು, ಅಂಚೆ ಕಾರ್ಡುಗಳು, ಜೋಡಿಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಲೆಂದು ಒಂದೇ ಚಿತ್ರವನ್ನು ಎರಡೆರಡು ಸಲ ಅಂಟಿಸಿದ ದಪ್ಪ ರಟ್ಟುಗಳು. ಐರ್ಲೆಂಡಿನ ನೈರುತ್ಯ ಮೂಲೆಯ ಒಂದು ಬೆಟ್ಟದ ಸಾಲು, ಅದರ ನಡುವೆ ಒಂದು ಘಾಟಿ ದಾರಿ. ರೈಲು ಬಂದ ಮೇಲೆ ಇಡೀ ಯುರೋಪಿನ ಹಣವಂತರು ಆ ಕಣಿವೆ ನೋಡಲು ಬರತೊಡಗಿದರಂತೆ. ಅವರನ್ನು ಹತ್ತಿಸಿಕೊಂಡು ಹೋಗುತ್ತಿದ್ದದ್ದು ಒಂಟಿ ಕುದುರೆಯ, ಎರಡು ಗಾಲಿಯ ಗಾಡಿಗಳು. ನಮ್ಮ ಮೈಸೂರಿನ ಜಟಕಾದಲ್ಲಿ ಕಾಲು ಮಡಚಿ ಒಳಗೆ ಕೂರುತ್ತೇವಲ್ಲ, ಇದು ಹಾಗಲ್ಲ. ಮೇಲೆ ಚಾವಣಿಯಿಲ್ಲ, ಗೋಡೆಯಿಲ್ಲ. ಜನ ಬೆನ್ನಿಗೆ ಬೆನ್ನು ಕೊಟ್ಟು, ಒಬ್ಬರು ಬೆಟ್ಟದ ಕಡೆಗೂ ಇನ್ನೊಬ್ಬರು ಕೊಳ್ಳದ ಕಡೆಗೂ ಮುಖ ಮಾಡಿ, ಗಾಲಿಯ ಮೇಲೆ ಕಾಲು ಇಳಿಬಿಟ್ಟು ಕೂರುತ್ತಾರೆ. ಮುಂದೆ ನಡುವಿನಲ್ಲಿ ಒಂದು ಪುಟ್ಟ ಪೀಠ, ಅದು ಗಾಡಿ ಹೊಡೆಯುವವನದು.

ಆಕೆಯ ಅಜ್ಜ, ಅಂದರೆ ತಾಯಿಯ ತಂದೆ, ಅಲ್ಲಿ ಅಂಥ ಗಾಡಿ ಹೊಡೆಯುತ್ತಿದ್ದವರು. ಅದನ್ನು ಆಕೆ ಎಲ್ಲರಿಗೂ ಹೇಳಿಕೊಳ್ಳುತ್ತಿದ್ದರಂತೆ, ನಮ್ಮಲ್ಲಿ ಕೆಲವರು ತಾತ ಅಮಲ್ದಾರರಾಗಿದ್ದರು ಎಂದು ಹೇಳಿಕೊಳ್ಳುವ ಹಾಗೆ. ಆದರೆ ಅಜ್ಜನ ಒಂದು ಚಿತ್ರವೂ ಮನೆಯಲ್ಲಿ ಇರಲಿಲ್ಲ. ನೋಡಿ ಎಂಥ ಅನ್ಯಾಯ. ಆ ಗಾಡಿಗಳವರಷ್ಟು ಫೋಟೋ ತೆಗೆಸಿಕೊಂಡವರು ಆ ಕಾಲದಲ್ಲಿ ರಾಜರೂ ಇರಲಾರರು. ಘಾಟಿಯ ತಿರುವು ತಿರುವಿನಲ್ಲೂ ಕ್ಯಾಮೆರಾದವನು ನಿಂತಿರುತ್ತಿದ್ದ. ತೆಗೆದ ಫೋಟೋಗಳೆಲ್ಲ ಪ್ರವಾಸಿಗಳ ಜೊತೆ ಲಂಡನ್ನಿಗೆ, ಪ್ಯಾರಿಸ್ಸಿಗೆ, ಹೇಗ್‌ಗೆ ಹೋದವು. ಗಾಡಿಯವರ ಮನೆಗಳಿಗೆ ಒಂದೂ ಹೋಗಲಿಲ್ಲ. ಚಿತ್ರದ ಕೆಳಗೆ ಕಣಿವೆಯ ಹೆಸರು ಅಚ್ಚಾಗಿದೆ, ಒಂದೊಂದರಲ್ಲಿ ದೊರೆಸಾನಿಯ ಹೆಸರೂ ಇದೆ. ಹೊಡೆಯುವವನ ಹೆಸರು ಎಲ್ಲೂ ಇಲ್ಲ.

ಹಾಗಾಗಿ ಆಕೆ ಮದುವೆಯಾದ ಲಾಗಾಯ್ತು ಹೇಗ್‌ನ, ಡೆಲ್ಫ್ಟ್‌ನ ಹಳೇ ಸಾಮಾನಿನ ಸಂತೆಗಳಲ್ಲಿ ಆ ಕಣಿವೆಯ ಚಿತ್ರಗಳನ್ನು ಹುಡುಕುತ್ತ, ಕೊಳ್ಳುತ್ತ ಬಂದರು. ಅಜ್ಜನನ್ನು ಗುರುತಿಸಲು ಇದ್ದದ್ದು ಒಂದೇ ಗುರುತು. ಎಡಗೈಯ ಕೊನೆಯ ಎರಡು ಬೆರಳನ್ನು ಎಳವೆಯಲ್ಲಿ ಕುದುರೆ ಕಚ್ಚಿ ತೆಗೆದಿತ್ತು. ಸಿಕ್ಕ ಪ್ರತಿಯೊಂದು ಚಿತ್ರದಲ್ಲೂ ಮುಂದಿನ ಪೀಠದಲ್ಲಿ ಕೂತವನ, ಕುದುರೆಯ ಮೂತಿ ಹಿಡಿದು ನಿಂತವನ ಕೈಯನ್ನು ಆಕೆ ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ಸಿಗಲಿಲ್ಲ. ಕಾಯಿಲೆ ಬಿದ್ದ ಮೇಲೆ ಆಸ್ಪತ್ರೆಯಲ್ಲಿ ಗಂಡನ ಕೈ ಹಿಡಿದು, ನಾನು ಹೋದ ಮೇಲೂ ಹುಡುಕು, ಸಿಕ್ಕರೆ ನನಗೆ ಬಂದು ಹೇಳು ಎಂದಿದ್ದರಂತೆ. ಕಾಕಾ ಆಗಲಿ ಎಂದಿದ್ದರು.

ಆಕೆ ಬದುಕಿದ್ದಾಗ ಆ ಪೆಟ್ಟಿಗೆ ತೆರೆದರೆ ಕಾಕಾ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದರು. ಇದನ್ನು ಅವರೇ ನನಗೆ ಹೇಳಿದ್ದು. ಈಗ ಪ್ರತಿ ಭಾನುವಾರ ಬೆಳಗ್ಗೆ ಟೈ ಕಟ್ಟಿಕೊಂಡು ಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ನಾನು ಇಡ್ಲಿಯನ್ನೋ ಉಪ್ಪಿಟ್ಟನ್ನೋ ಕೊಡಲು ಇಳಿದಾಗ ನನ್ನ ಕೈಗೂ ಭೂತಗನ್ನಡಿ ಕೊಡುತ್ತಿದ್ದರು. ಕಡಿದಾದ ಏರಿನಲ್ಲಿ ಕೋಟು ಕಳಚಿ ನಡೆಯುತ್ತಿರುವ ಗಂಡಸರು, ಮೊಣಕಾಲ ಮೇಲೆ ಕಂಬಳಿ ಹೊದ್ದ ಹೆಂಗಸರು, ಕಲ್ಲುಗುಡ್ಡದ ನಡುವೆ ಸಾಲಾಗಿ ನಿಂತ ಗಾಡಿಗಳು. ನಾನು ನೋಡುತ್ತಿದ್ದದ್ದು ಹೆಂಗಸರ ಟೋಪಿಗಳನ್ನು. ಕಾಕಾ ಬೆರಳುಗಳನ್ನು ಮಾತ್ರ ನೋಡುತ್ತಿದ್ದರು.

ಒಂದು ಚಿತ್ರ ಮಾತ್ರ ಪೆಟ್ಟಿಗೆಯಲ್ಲಿರಲಿಲ್ಲ, ಅಡುಗೆಮನೆಯ ಗೋಡೆಯ ಮೇಲೆ ಚೌಕಟ್ಟಿನಲ್ಲಿತ್ತು. ಅದು ಆಕೆಗೆ ಅಚ್ಚುಮೆಚ್ಚಿನದು. ಘಾಟಿಯ ನೆತ್ತಿಯಲ್ಲಿ ಒಂದು ಗಾಡಿ ನಿಂತಿದೆ. ಆಚೆ ಬದಿಯಲ್ಲಿ ಗರಿಯ ಟೋಪಿಯ ಒಬ್ಬ ಹೆಂಗಸು, ಭುಜದ ಮೇಲಿಂದ ಹಿಂತಿರುಗಿ ಕ್ಯಾಮೆರಾ ನೋಡುತ್ತಿದ್ದಾಳೆ. ಈಚೆ ಬದಿಯಲ್ಲಿ ಉದ್ದ ಕೋಟು, ಗಟ್ಟಿ ಟೋಪಿ ಹಾಕಿದ ಒಬ್ಬ ಗಂಭೀರ ಗಂಡಸು, ಮಡಿಲಲ್ಲಿ ಕಂಬಳಿ. ಮುಂದಿನ ಪೀಠ ಖಾಲಿ. ಹೊಡೆಯುವವನು ಚಿತ್ರಕ್ಕೆ ಅಡ್ಡ ಬರುತ್ತಾನೆಂದು ಫೋಟೋದವನು ಅವನನ್ನು ಇಳಿಸಿ ಓಡಿಸಿದ್ದಾನೆ ಎಂದು ಆಕೆ ಬೈದುಕೊಳ್ಳುತ್ತಿದ್ದರಂತೆ. ಆದರೂ ಆ ಬಿಗಿಮೋರೆಯ ಗಂಡಸನ್ನು ಕಂಡರೆ ಆಕೆಗೆ ನಗು. ಅವನಿಗೆ ಸಾಹೇಬ ಎಂದು ಹೆಸರಿಟ್ಟು, ದಿನಾ ಬೆಳಗ್ಗೆ ಚಹಾಕ್ಕೆ ನೀರಿಡುವಾಗ ಗುಡ್ ಮಾರ್ನಿಂಗ್ ಸಾಹೇಬ ಎನ್ನುತ್ತಿದ್ದರಂತೆ. ಕಾಕಾ ಆ ರೂಢಿ ಬಿಟ್ಟಿರಲಿಲ್ಲ. ನಾನಿದ್ದಾಗಲೂ ಸ್ವಲ್ಪ ಸಂಕೋಚದಿಂದ, ದನಿ ತಗ್ಗಿಸಿ ಹೇಳುತ್ತಿದ್ದರು.

ಎರಡು ವರ್ಷ ಹೀಗೇ ಹೋಯಿತು. ಆ ವರ್ಷದ ರಾಜ್ಯೋತ್ಸವಕ್ಕೆ ತಾವು ಹತ್ತು ನಿಮಿಷ ಈ ಚಿತ್ರಗಳನ್ನು ಸ್ಲೈಡು ಮಾಡಿಸಿ ಪರದೆಯ ಮೇಲೆ ತೋರಿಸಬಹುದೇ ಎಂದು ಕಾಕಾ ಕೇಳಿದರು. ಬಳಗವನ್ನು ಅವರು ಎಂದೂ ಏನನ್ನೂ ಕೇಳಿದವರಲ್ಲ. ಆಕೆಯ ಮೂರನೇ ವರ್ಷದ ನೆನಪು ಅದೇ ವಾರ ಬರುತ್ತಿತ್ತು, ನಾಲ್ಕು ಜನ ನೋಡಲಿ ಎಂಬ ಆಸೆ. ಕಾರ್ಯದರ್ಶಿ ನನ್ನ ಹತ್ತಿರ ಗೊಣಗಿದರು.

"ಮೇಡಂ, ರಾಜ್ಯೋತ್ಸವಕ್ಕೂ ಐರ್ಲೆಂಡ್ ಕುದುರೆಗೂ ಏನ್ ಕನೆಕ್ಷನ್ ಹೇಳಿ? ಆಡಿಯೆನ್ಸ್ ಎದ್ ಹೋಗ್ಬಿಡ್ತಾರೆ."

ಊಟ ಇನ್ನೂ ಬಡಿಸಿರದಿದ್ದರೆ ಯಾರೂ ಎದ್ದು ಹೋಗುವುದಿಲ್ಲ, ಬಿಸಿಬೇಳೆಬಾತಿಗೆ ಮುಂಚೆ ಹಾಕಿಸಿ ಎಂದೆ. ಹಾಗೆಯೇ ಆಯಿತು.

ಆಗ ನನ್ನ ಅತ್ತೆ ಮೈಸೂರಿನಿಂದ ಬಂದಿದ್ದರು. ಅವರು ಬಾಯಿಗೆ ಬಂದದ್ದನ್ನು ತಡೆದು ಗೊತ್ತಿಲ್ಲದವರು. ಪರದೆಯ ಮೇಲೆ ಚಿತ್ರಗಳು ಬರುತ್ತಿದ್ದ ಹಾಗೆ ಮಕ್ಕಳು ಪಾರ್ಡ್, ಪಾರ್ಡ್ ಎಂದು ಡಚ್ಚಿನಲ್ಲೇ ಕುದುರೆಯನ್ನು ಕೂಗಿದವು. ಹಿಂದಿನ ಸಾಲಿನವರು ಆಗಲೇ ಅಡುಗೆಯ ಕಡೆ ಕತ್ತು ತಿರುಗಿಸಿದ್ದರು. ಕೊನೆಗೆ ಅಡುಗೆಮನೆಯ ಚಿತ್ರ ಬಂತು. ಗೋಡೆಯ ಮೇಲೆ ಅಂಗೈಯಗಲ ಇದ್ದದ್ದು ಇಲ್ಲಿ ಇಡೀ ಪರದೆ ತುಂಬಿ ನಿಂತಿತ್ತು. ಕಾಕಾ ಹೆಂಡತಿಯ ನಗೆಮಾತು ನೆನಪಿಸಿಕೊಂಡು, ಇವರು ಸಾಹೇಬರು ಎಂದು ಆ ಗಂಡಸನ್ನು ಪರಿಚಯಿಸಿದರು. ಗಾಡಿಯವನನ್ನು ಚಿತ್ರಕ್ಕೆಂದು ಇಳಿಸಿದ್ದಾರೆ ಎಂದೂ ಹೇಳಿದರು.

ಅತ್ತೆ ಕೂತಲ್ಲಿಂದಲೇ ಕೇಳಿದರು. "ಇಳ್ಸಿದ್ರೆ ಲಗಾಮು ಯಾರ್ ಕೈಲಿದೆ? ನೋಡಿ, ಆ ಯಪ್ಪನ ಕೈಲೇ ಇದ್ಯಲ್ಲ. ಅವ್ನೇ ಅಲ್ವಾ ಗಾಡಿಯೋನು?"

ಎಲ್ಲರೂ ನೋಡಿದೆವು. ಕುದುರೆಯ ಬಾಯಿಂದ ಹೊರಟ ಎರಡು ತೆಳು ಗೆರೆಗಳು ಖಾಲಿ ಪೀಠದ ಪಕ್ಕದಿಂದ ಹಾದು, ಸಾಹೇಬನ ಮಡಿಲ ಕಂಬಳಿಯ ಮೇಲೆ ಬಂದು ನಿಂತಿದ್ದವು. ಚೌಕಟ್ಟಿನ ಚಿತ್ರದಲ್ಲಿ ಅವು ಕಂಬಳಿಯ ಮಡಿಕೆಯ ಹಾಗೆ ಕಾಣುತ್ತಿದ್ದವು. ಕಾಕಾ ಪರದೆಯ ಹತ್ತಿರ ಹೋದರು. ಅವರ ನೆರಳು ಚಿತ್ರದ ಮೇಲೆ ಬಿತ್ತು, ಪಕ್ಕಕ್ಕೆ ಸರಿದರು. ಸಭೆಗೆ ಬೆನ್ನು ಮಾಡಿಕೊಂಡೇ ಮಾತಾಡಿದರು. ಬಳಗದಲ್ಲಿ ಅವರು ಯಾವಾಗಲೂ ಆಡುತ್ತಿದ್ದ ಪುಸ್ತಕದ ಕನ್ನಡ ಅದಾಗಿರಲಿಲ್ಲ.

"ಎರಡ ಗಾಲಿ ಗಾಡಿ ಇದು. ಒಂದ ಬಾಜೂಕ ಒಬ್ಬರ ಕುಂತ್ರ ವಾಲತೈತಿ, ಕುದುರಿ ಬೆನ್ನ ಹೋಗತೈತಿ. ಅದಕ್ಕ ಹೊಡಿಯಾಂವ ತನ್ನ ಜಾಗಾ ಬಿಟ್ಟು ಈ ಬಾಜೂಕ ಬಂದು ಕುಂತಾನ. ಭಾರ ಸಮ ಮಾಡಾಕ."

ಯಾರೋ ಹಿಂದಿನಿಂದ, ಕಾಕಾ, ನಿಮಗೆ ಟಾಂಗಾ ಹೊಡೆಯೋಕೂ ಬರುತ್ತಾ ಎಂದರು. ಸಭೆ ನಕ್ಕಿತು.

"ಬರತೈತಿ" ಎಂದು ಕಾಕಾ ಸ್ಲೈಡಿನ ಯಂತ್ರದ ದೀಪ ಆರಿಸಿದರು. ಅದನ್ನೂ ತಮಾಷೆಯೆಂದುಕೊಂಡು ಜನ ಇನ್ನಷ್ಟು ನಕ್ಕು ಊಟಕ್ಕೆ ಎದ್ದರು. ಕಾಕಾ ಊಟಕ್ಕೆ ನಿಲ್ಲಲಿಲ್ಲ.

ಮರುದಿನ ಬೆಳಗ್ಗೆ ಅವರೇ ಮೆಟ್ಟಿಲು ಹತ್ತಿ ಬಂದರು. ಟೈ ಇರಲಿಲ್ಲ, ಅವರನ್ನು ಹಾಗೆ ನಾನು ಕಂಡಿರಲೇ ಇಲ್ಲ. ಕೆಳಗೆ ಬಾ ಎಂದಷ್ಟೇ ಹೇಳಿದರು. ಅವರ ಮನೆಯಲ್ಲಿ ಪರದೆಗಳನ್ನು ಎಳೆದು, ಸ್ಲೈಡಿನ ಯಂತ್ರವನ್ನು ಹಜಾರದ ಕೊನೆಗೆ ತಳ್ಳಿ, ಚಿತ್ರವನ್ನು ಎಷ್ಟು ದೊಡ್ಡದು ಮಾಡಬಹುದೋ ಅಷ್ಟು ಮಾಡಿದ್ದರು. ಗೋಡೆಯ ತುಂಬ ಬರೀ ಕಂಬಳಿ, ಕಂಬಳಿಯ ಮೇಲೆ ಒಂದು ಕೈ. ಕಾಕಾ ಗೋಡೆಗೆ ಬೆನ್ನು ಮಾಡಿ ನಿಂತಿದ್ದರು.

"ನೀ ನೋಡಿ ಹೇಳವಾ. ನನ್ನ ಕಣ್ಣ ನಂಬಂಗಿಲ್ಲ. ಸುಳ್ಳ ಮಾತ್ರ ಹೇಳಬ್ಯಾಡ."

ಚಿತ್ರ ಒಡೆದು ಚುಕ್ಕೆಚುಕ್ಕೆಯಾಗಿತ್ತು. ಹತ್ತಿರ ಹೋದರೆ ಏನೂ ಕಾಣದು, ದೂರ ನಿಂತು ನೋಡಿದೆ. ಲಗಾಮಿನ ಮೇಲೆ ಹೆಬ್ಬೆರಳು, ಅದರ ಪಕ್ಕ ಎರಡು ಬೆರಳು. ಮುಂದೆ ಕೈ ಮುಗಿದುಹೋಗಿತ್ತು. ಮಡಚಿದ ಬೆರಳೂ ಅಲ್ಲ, ನೆರಳೂ ಅಲ್ಲ, ಅಲ್ಲಿ ಕಂಬಳಿಯ ಪಟ್ಟೆ ಅಡ್ಡಿಯಿಲ್ಲದೆ ಹಾದುಹೋಗಿತ್ತು. ಎಡಗೈಯೇ ಹೌದೇ ಎಂದು ನನ್ನ ಕೈಯನ್ನೇ ಮಡಿಲಲ್ಲಿಟ್ಟು ನೋಡಿಕೊಂಡೆ. ಮೂರೇ ಇದೆ ಕಾಕಾ, ಎಡಗೈಯೇ ಎಂದೆ.

ಅವರು ಖುಷಿಪಡುತ್ತಾರೆಂದು ನಾನು ಕಾದಿದ್ದೆ. ಮಾತು ನಡೆಸಿಕೊಟ್ಟರಲ್ಲ, ಸಿಕ್ಕಿತಲ್ಲ ಎಂದು ನನಗೇ ಕುಣಿಯುವಷ್ಟಾಗಿತ್ತು. ಕಾಕಾ ಮೇಜಿನ ಹತ್ತಿರ ಹೋಗಿ, ಯಾರನ್ನೂ ಕೂರಿಸದ ಆ ಎದುರು ಕುರ್ಚಿಯಲ್ಲಿ ತಾವೇ ಕೂತರು.

ಅಕಿ ದಿನಾ ಅವನಿಗೆ ಗುಡ್ ಮಾರ್ನಿಂಗ್ ಹೇಳಿದಳು, ತನ್ನ ಅಜ್ಜ ಎಂದು ಗೊತ್ತಿಲ್ಲದೆ ಹೇಳಿದಳು ಎಂದರು. ಆಕೆಗೆ ಗೊತ್ತಾಗದಿರುವುದು ಸಹಜ. ಗಾಡಿ ಹೊಡೆದದ್ದು ಅಜ್ಜ, ಆಕೆ ಹುಟ್ಟುವ ಹೊತ್ತಿಗೆ ಗಾಡಿಯೂ ಇರಲಿಲ್ಲ, ಅಜ್ಜನೂ ಇರಲಿಲ್ಲ. ಒಬ್ಬರೇ ಕೂತಾಗ ಭಾರ ಸಮ ಮಾಡಬೇಕು ಎಂಬುದು ಆಕೆಗೆ ಯಾರು ಹೇಳಬೇಕು? ಅದನ್ನು ಹೇಳಬಲ್ಲ ಒಬ್ಬನೇ ಒಬ್ಬ ಮನುಷ್ಯ ಆ ಮನೆಯಲ್ಲಿದ್ದ. ಪೆಟ್ಟಿಗೆ ತೆರೆದಾಗಲೆಲ್ಲ ಅವನು ಎದ್ದು ಹೋಗುತ್ತಿದ್ದ. ಆಕೆ ಹೋದ ಮೇಲೆ ಹುಡುಕಲು ಕೂತಾಗಲೂ ಅವನ ಕಣ್ಣು ಆಕೆ ನೋಡಿದ ಕಡೆಯನ್ನೇ ನೋಡಿತು, ಮುಂದಿನ ಪೀಠ, ಕುದುರೆಯ ಮೂತಿ. ಮೂವತ್ತು ವರ್ಷ ತನಗೆ ಗೊತ್ತಿಲ್ಲ ಎಂದು ನಟಿಸಿದ್ದು ಕೊನೆಗೆ ನಿಜಕ್ಕೂ ಗೊತ್ತಿಲ್ಲದಂತಾಗಿತ್ತು. ಇಷ್ಟನ್ನು ಕಾಕಾ ಒಂದೇ ಉಸಿರಿಗೆ ಹೇಳಲಿಲ್ಲ. ನಿಂತು ನಿಂತು, ನೀರು ಕುಡಿದು ಕುಡಿದು ಹೇಳಿದರು.

"ನಮ್ಮಪ್ಪ ಧಾರವಾಡದಾಗ ಟಾಂಗಾ ಹೊಡೀತಿದ್ದ. ಅಕಿಗೆ ನಾ ಟ್ರಾನ್ಸ್‌ಪೋರ್ಟ್ ಧಂದೆ ಅಂತ ಹೇಳಿದ್ದೆ."

ಹೆಂಡತಿಗೆ ಹೇಳಿದ್ದರೆ ಆಕೆ ಕುಣಿದಾಡುತ್ತಿದ್ದರು, ಅದು ಕಾಕಾಗೂ ಗೊತ್ತಿತ್ತು. ತನ್ನ ಅಜ್ಜನ ಕಥೆ ಹೇಳಿಯೇ ಅಲ್ಲವೇ ಆಕೆ ಇವರಿಗೆ ಮೊದಲು ಪರಿಚಯವಾದದ್ದು. ಆದರೆ ಮೊದಲ ದಿನ ಹೇಳದೆ ಉಳಿದದ್ದನ್ನು ಎರಡನೇ ದಿನ ಹೇಳುವುದು ಕಷ್ಟ, ವರ್ಷ ಕಳೆದ ಮೇಲೆ ಇನ್ನೂ ಕಷ್ಟ. ಮದುವೆಯಾದ ಮೇಲೆ ಆಕೆ ಧಾರವಾಡ ನೋಡಬೇಕೆಂದಾಗ ಅಲ್ಲಿ ಯಾರೂ ಉಳಿದಿಲ್ಲ ಎಂದು ಬೆಂಗಳೂರು, ಮೈಸೂರು ತೋರಿಸಿ ಕರೆತಂದಿದ್ದರು. ಅಷ್ಟು ಹೊತ್ತಿಗೆ ಅಪ್ಪ ತೀರಿಹೋಗಿದ್ದರು, ಆದ್ದರಿಂದ ಅದು ಸುಳ್ಳೂ ಅಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

ಅದರ ಜೊತೆಗೆ ಇನ್ನೊಂದನ್ನು ಹೇಳಿದರು.

ಹಾಲೆಂಡಿಗೆ ಹೊರಟ ದಿನ ಅಪ್ಪನೇ ಟಾಂಗಾದಲ್ಲಿ ಸ್ಟೇಷನ್ನಿಗೆ ಕರೆದುಕೊಂಡು ಬಂದರಂತೆ. ಅಪ್ಪನ ಪಕ್ಕ ಮುಂದೆ ಕೂರಬೇಕಾದ ಮಗ ಹಿಂದಿನ ಸೀಟಿನಲ್ಲಿ ಕೂತಿದ್ದ. ಹಿಂದೆ ಕೂತರೆ ನೋಡಿದವರಿಗೆ ಬಾಡಿಗೆಯವನ ಹಾಗೆ ಕಾಣುತ್ತಾನೆ. ಪೆಟ್ಟಿಗೆಯೂ ಹಿಂದೆ, ಮಗನೂ ಹಿಂದೆ, ಗಾಡಿ ಹಿಂದಕ್ಕೆ ಜಗ್ಗುತ್ತಿತ್ತು. ಅಪ್ಪ ಒಂದು ಸಲ ಮುಂದ ಬಾರೋ ತಮ್ಮಾ, ಭಾರ ಹಿಂದಾಗೈತಿ ಎಂದರು. ಮಗ ಕೇಳದವನಂತೆ ಇದ್ದ. ಅಪ್ಪ ಮತ್ತೆ ಹೇಳಲಿಲ್ಲ. ತಾವೇ ಸೀಟು ಬಿಟ್ಟು ಮುಂದಕ್ಕೆ ಸರಿದು, ಕುದುರೆಯ ಬಾಲದ ಹತ್ತಿರ ಗಾಡಿಯ ಮರದ ಮೇಲೆ ಕುಕ್ಕರಗಾಲಲ್ಲಿ ಕೂತು, ಸ್ಟೇಷನ್ನಿನವರೆಗೆ ಹಾಗೇ ಹೊಡೆದುಕೊಂಡು ಬಂದರು. ಅಲ್ಲಿ ಕಾಲೇಜಿನ ಗೆಳೆಯರು ಹಾರ ಹಿಡಿದು ನಿಂತಿದ್ದರು. ಮಗನ ಮುಖ ನೋಡಿದ ಅಪ್ಪನಿಗೆ ಎಲ್ಲ ತಿಳಿದುಹೋಯಿತು. ಗಾಡಿಯಿಂದಿಳಿದು, ತಲೆಯ ರುಮಾಲು ಸರಿಮಾಡಿಕೊಂಡು, ಗೆಳೆಯರಿಗೆ ಕೇಳುವ ಹಾಗೆ ಮಗನನ್ನು ಕೇಳಿದರು.

"ಸಾಹೇಬ್ರ, ಸಾಮಾನ ಇಳಸ್ಲೇನ್ರಿ?"

ಮಗ ಹೂಂ ಎಂದ. ಅಪ್ಪ ಪೆಟ್ಟಿಗೆ ಇಳಿಸಿ, ನಮಸ್ಕಾರ ಮಾಡಿ, ಟಾಂಗಾ ತಿರುಗಿಸಿಕೊಂಡು ಹೋದರು. ಮತ್ತೆ ಒಬ್ಬರನ್ನೊಬ್ಬರು ನೋಡಲಿಲ್ಲ.

ಆಗಿನ ವಯಸ್ಸು ಕಾಕಾ ಎಂದೋ, ಎಲ್ಲರೂ ಹಾಗೇ ಎಂದೋ ಏನೋ ಒದರಿದೆ. ಅವರು ಕೈಯೆತ್ತಿ ನಿಲ್ಲಿಸಿದರು. ಕ್ಷಮೆ ಕೊಡಬೇಕಾದವರು ಇಬ್ಬರು, ಇಬ್ಬರೂ ಹೋಗಿದ್ದಾರೆ, ನೀನು ಕೊಡುವುದು ಬೇಡ ಎಂದರು. ಕಟುವಾಗಿ ಹೇಳಲಿಲ್ಲ. ಆಮೇಲೆ ಎದ್ದು ಪರದೆ ಸರಿಸಿದರು. ಬೆಳಕು ಬಿದ್ದ ಕೂಡಲೆ ಗೋಡೆಯ ಮೇಲಿದ್ದ ಕೈ ಮಾಯವಾಯಿತು. ಇದನ್ನು ಯಾರಿಗೂ ಹೇಳುವುದಿಲ್ಲ ಕಾಕಾ ಎಂದು ಮಾತು ಕೊಟ್ಟೆ. ಹೇಳು, ಇನ್ನು ಮುಚ್ಚಿಡಲು ನನಗೆ ಶಕ್ತಿಯಿಲ್ಲ ಎಂದರು. ಆದ್ದರಿಂದ ಬರೆಯುತ್ತಿದ್ದೇನೆ.

ಆಕೆಯ ಸಮಾಧಿ ವೂರ್‌ಬರ್ಗ್‌ನಲ್ಲೇ, ಮನೆಯಿಂದ ನಡೆದು ಹೋಗುವಷ್ಟು ದೂರ. ನೆನಪಿನ ದಿನ ಕಾಕಾ ನನ್ನನ್ನೂ ಕರೆದರು. ಚೌಕಟ್ಟಿನಿಂದ ತೆಗೆದ ಫೋಟೋವನ್ನು ಒಂದು ಬಿಳಿ ಕರವಸ್ತ್ರದಲ್ಲಿ ಸುತ್ತಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದರು. ನವೆಂಬರಿನ ಗಾಳಿ, ದಾರಿಯ ತುಂಬ ಒದ್ದೆ ಎಲೆ. ಜಾರಿ ಬೀಳದಿರಲಿ ಎಂದು ನಾನು ತೋಳು ಹಿಡಿದುಕೊಂಡಿದ್ದೆ. ಸಮಾಧಿಯ ಮೇಲಿನ ಎಲೆಗಳನ್ನು ಕೈಯಿಂದಲೇ ಬಳಿದು ತೆಗೆದು ಎದ್ದು ನಿಂತರು. ಫೋಟೋ ತೆಗೆಯಲಿಲ್ಲ. ಮರೆತರೇನೋ ಎಂದು, ತೋರಿಸಿ ಕಾಕಾ ಎಂದು ನೆನಪಿಸಿದೆ.

"ಮೊದ್ಲ ನಮ್ಮಪ್ಪನ ಸುದ್ದಿ ಹೇಳಬೇಕವಾ. ಅದನ್ನ ಹೇಳದ ಅಕಿ ಅಜ್ಜನ್ನ ಯಾವ ಮಾರಿ ಇಟಗೊಂಡು ತೋರಸ್ಲಿ?"

ನಾನು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತೆ. ಅವರಿಬ್ಬರ ನಡುವಿನ ಭಾಷೆ ಇಂಗ್ಲಿಷ್, ಕಾಕಾ ಇಂಗ್ಲಿಷಿನಲ್ಲೇ ಹೇಳತೊಡಗಿದರು. ಅಪ್ಪನ ಹೆಸರು ಹೇಳಿದರು, ಕುದುರೆಯ ಹೆಸರು ಹೇಳಿದರು. ಧಾರವಾಡದ ಸ್ಟೇಷನ್ ಎದುರು ಟಾಂಗಾ ನಿಲ್ಲುತ್ತಿದ್ದ ಬೇವಿನ ಮರ, ಮಳೆಗಾಲದಲ್ಲಿ ಅಪ್ಪ ತಮ್ಮ ಕಂಬಳಿಯನ್ನು ಕುದುರೆಗೆ ಹೊದಿಸಿ ತಾವು ನೆನೆಯುತ್ತಿದ್ದದ್ದು, ಒಂದನ್ನೂ ಬಿಡದೆ, ಅವಸರವಿಲ್ಲದೆ ಹೇಳಿದರು. ಹೊರಟ ದಿನದ ಮಾತು ಬಂತು. ಮಗ ಹಿಂದೆ ಕೂತದ್ದು, ಅಪ್ಪ ಮುಂದೆ ಸರಿದದ್ದು, ಹಾರ ಹಿಡಿದ ಗೆಳೆಯರು. ಆಮೇಲೆ ಅಪ್ಪ ತನ್ನನ್ನು ಏನೆಂದು ಕರೆದರು ಎಂಬುದನ್ನು ಮಾತ್ರ ಅವರು ಇಂಗ್ಲಿಷಿಗೆ ತರಲಿಲ್ಲ. ಸಾಹೇಬ್ರ ಎಂದು ಕನ್ನಡದಲ್ಲೇ ಹೇಳಿದರು. ಆಮೇಲೆ ಒಳಜೇಬಿನಿಂದ ಕರವಸ್ತ್ರ ತೆಗೆದು, ಬಿಚ್ಚಿ, ಫೋಟೋವನ್ನು ಸಮಾಧಿಯ ಕಲ್ಲಿನ ಕಡೆಗೆ ತಿರುಗಿಸಿ ಹಿಡಿದರು.